ವೀಡಿಯೊ ಆಟಗಳೂ ಮೂಲನಿಯಮಗಳ ಅಲಕ್ಷ್ಯವೂ



ಈ ಸ್ಮರಣ ಸಂಚಿಕೆಗೆ ಒಂದು ಲೇಖನವನ್ನು ಬರೆದುಕೊಡಬೇಕೆಂದು ಸಂಪಾದಕಿಯವರು ಕೇಳಿದಾಗ, ಗಣಿತಬೋಧನೆಯ ವಿಷಯವಾಗಿಯೋ ಬೋರ್ಡಿಂಗಿನ ಹಿಂದಿನ ದಿನಗಳ ವಿಷಯವಾಗಿಯೋ ನಾಲ್ಕು ಮಾತು ಬರೆಯುವೆನೆಂದು ಅವರು ಎಣಿಸಿದ್ದಿರಬೇಕು. ನಾನು ಆರಿಸಿಕೊಂಡ ವಿಷಯವಾದರೋ ವೀಡಿಯೊ ಆಟ. ಮೂವತ್ತು ವರ್ಷ ಸೀಮೆಸುಣ್ಣ ಹಿಡಿದ ಮುದುಕಿಗೆ ಈ ಹುಚ್ಚು ಎಲ್ಲಿಂದ ಬಂದಿತೆಂದು ನಗುವವರು ನಗಲಿ. ಈ ಲೇಖನವನ್ನು ಬರೆಯದೆ ಬಿಡಲು ನನ್ನ ಮನಸ್ಸಾಕ್ಷಿಯು ಒಪ್ಪಲಿಲ್ಲ. ಅದರ ಕಾರಣವು ಮುಂದೆ ತಿಳಿದುಬರುವುದು.

ಮಕ್ಕಳು ಪರದೆಯ ಮುಂದೆ ಕಾಲಹರಣ ಮಾಡುವರೆಂಬ ದೂರನ್ನು ನಾನು ಇಲ್ಲಿ ಎತ್ತುವುದಿಲ್ಲ. ಅದನ್ನು ಹೇಳುವವರು ಸಾಕಷ್ಟು ಮಂದಿ ಇರುವರು. ನಾನು ಹೇಳಬೇಕೆಂದಿರುವುದು ಬೇರೆ. ಆಡುವವರಲ್ಲಿ ಬಹು ಮಂದಿ ಆಟದ ಮೊಟ್ಟಮೊದಲನೆಯ ನಿಯಮವನ್ನೇ ಅರಿಯದೆ ತಿಂಗಳುಗಟ್ಟಲೆ, ವರ್ಷಗಟ್ಟಲೆ ಆಡುತ್ತಲಿರುವರು. ಸೋತರೆ ತಮ್ಮ ಕೈ ಮಂದವೆಂದುಕೊಳ್ಳುವರು. ನೋಡುವವರೂ ಹಾಗೆಯೇ ಎನ್ನುವರು. ಯಾವ ಗುಂಡಿಯಿಂದ ಏನಾಗುವುದೆಂಬ ಒಂದೇ ಒಂದು ಮಾತು ಅವರಿಗೆ ತಲಪದೆ ಹೋಗಿರುವುದನ್ನು ಯಾರೂ ಗಮನಿಸುವುದಿಲ್ಲ. ಈ ಅನ್ಯಾಯವು ಹುಡುಗರಿಗಿಂತ ಹುಡುಗಿಯರ ಮೇಲೆ ಹೆಚ್ಚಾಗಿ ಬಿದ್ದಿರುವುದೆಂದು ನನ್ನ ದೃಢವಾದ ಅಭಿಪ್ರಾಯ.

ನಮ್ಮ ಅಜ್ಜಿಯರು ಚೌಕಾಬಾರ ಆಡಿಸುವಾಗ ಈ ತಪ್ಪನ್ನು ಮಾಡುತ್ತಿರಲಿಲ್ಲ. ಎದುರಾಳಿಯ ಒಂದು ಕಾಯನ್ನಾದರೂ ಕಡಿಯದೆ ಒಳಸುತ್ತಿಗೆ ಹೋಗಕೂಡದೆಂಬ ನಿಯಮವನ್ನು, ಕವಡೆಯನ್ನು ಕೈಗೆ ಕೊಡುವುದಕ್ಕೆ ಮುಂಚೆಯೇ, ಐದು ವರ್ಷದ ಮಗುವಿಗೂ ಹೇಳುತ್ತಿದ್ದರು. ಅದನ್ನು ಹೇಳದೆ ಆಡಿಸಿದರೆ ಆ ಮಗುವು ಹೊರಸುತ್ತಿನಲ್ಲಿಯೇ ತಿರುಗುತ್ತ ತಿರುಗುತ್ತ ಸಂಜೆ ಮಾಡುವುದಲ್ಲವೇ?

1990ರ ದಶಕದಲ್ಲಿ ನನ್ನ ಅಣ್ಣನವರ ಮನೆಗೆ ಒಂದು ಟಿ.ವಿ. ಗೇಮು ಬಂದಿತು. ಅದು ಜಪಾನಿನ ನಿಂಟೆಂಡೊ ಕಂಪನಿಯ ಯಂತ್ರವನ್ನು ಅನುಕರಿಸಿ ಮಾಡಿದ ಅಗ್ಗದ ಯಂತ್ರ. ದೂರದರ್ಶನದ ಪೆಟ್ಟಿಗೆಗೆ ಜೋಡಿಸಿ, ಮೇಲೆ ಒಂದು ಕ್ಯಾಸೆಟ್ಟನ್ನು ಸಿಕ್ಕಿಸಿದರೆ ಆಟವು ಮೂಡುತ್ತಿತ್ತು. ವಿವರಣೆಯ ಪುಸ್ತಕವೇನೂ ಅದರೊಡನೆ ಬಂದಿರಲಿಲ್ಲ. ಮಕ್ಕಳು ಹಗಲಿರುಳು ಆಡಿದ ಆಟವು ‘ಸೂಪರ್ ಮಾರಿಯೋ ಬ್ರದರ್ಸ್’. ಶಿಗೆರು ಮಿಯಾಮೊಟೊ ಎಂಬುವರೂ ತಕಾಶಿ ತೆಝುಕ ಎಂಬುವರೂ ರಚಿಸಿ 1985ರಲ್ಲಿ ಹೊರಬಂದ ಈ ಆಟವು ಲೋಕಪ್ರಸಿದ್ಧವಾದುದು. ಮೀಸೆಯ ಪುಟ್ಟ ಮನುಷ್ಯನೊಬ್ಬನು ಎಡದಿಂದ ಬಲಕ್ಕೆ ಹೋಗುತ್ತ, ಹಾರುತ್ತ, ಶತ್ರುಗಳನ್ನು ತುಳಿಯುತ್ತ ರಾಜಕುಮಾರಿಯನ್ನು ಬಿಡಿಸಲು ಹೋಗುವನು.

ಗಣಿತದ ಉಪಾಧ್ಯಾಯಿನಿಯಾಗಿ ನಾನು ಈ ಆಟದ ಮೊದಲನೆಯ ಪುಟವನ್ನು ಈಗಲೂ ಮೆಚ್ಚುವೆನು. ಒಂದಕ್ಷರವೂ ಇಲ್ಲದೆ ಅದು ಪಾಠ ಹೇಳುವುದು. ಮಾರಿಯೋ ಎಡದಂಚಿನ ಬಳಿ ನಿಂತಿರುವನು, ಬಲಗಡೆ ಬಯಲು ಇರುವುದು. ಹೋಗಬೇಕಾದ ದಿಕ್ಕು ತಾನಾಗಿಯೇ ತಿಳಿಯುವುದು. ಎದುರಿನಿಂದ ಒಂದು ಕಂದು ಬಣ್ಣದ ಪ್ರಾಣಿ ನಡೆದು ಬರುವುದು. ತಾಗಿದರೆ ಸಾವು, ಹಾರಿದರೆ ಬದುಕು. ಮೇಲೆ ಪ್ರಶ್ನಾರ್ಥಕ ಚಿಹ್ನೆಯ ಇಟ್ಟಿಗೆ. ಗುದ್ದಿದರೆ ಒಂದು ಅಣಬೆಯು ಹೊರಬಂದು, ಮುಂದಿನ ಕೊಳವೆಗೆ ಬಡಿದು, ಆಡುವವನ ಕಡೆಗೇ ಹಿಂದಿರುಗುವುದು. ತಪ್ಪಿಸಿಕೊಳ್ಳಲು ಹಾರಿದರೂ ಮೇಲಿನ ಇಟ್ಟಿಗೆ ತಡೆಯುವುದರಿಂದ ಅದು ತಾಗದೆ ಬಿಡುವುದು ಕಷ್ಟ. ತಾಗಿದರೆ ಮಾರಿಯೋ ದೊಡ್ಡವನಾಗುವನು. ಕೆಟ್ಟದ್ದೆಂದು ಹೆದರಿದುದು ಒಳ್ಳೆಯದೆಂದು ಕಲಿತಂತಾಯಿತು. ಇಂಥ ಪಾಠಕ್ರಮವನ್ನು ನಾನು ತರಬೇತಿ ಕಾಲೇಜಿನಲ್ಲಿಯೂ ಕಾಣಲಿಲ್ಲ.

ಆದರೆ ಈ ಪುಟವು ಒಂದು ಸಂಗತಿಯನ್ನು ಹೇಳಿಕೊಡಲಾರದು. ಕೈಯಲ್ಲಿ ಹಿಡಿಯುವ ಹಲಗೆಯಲ್ಲಿ ಎರಡು ಮುಖ್ಯ ಗುಂಡಿಗಳು. ಎ ಎಂಬ ಗುಂಡಿಯಿಂದ ಹಾರುವುದು. ಬಿ ಎಂಬುದನ್ನು ಒತ್ತಿ ಹಿಡಿದುಕೊಂಡೇ ನಡೆದರೆ ಮಾರಿಯೋ ಓಡುವನು. ಓಡುತ್ತ ಹಾರಿದರೆ ಬಹು ದೂರಕ್ಕೆ ಹಾರುವನು. ಮೊದಲನೆಯ ಲೋಕದ ಮೊದಲನೆಯ ಮಜಲನ್ನು ಓಡದೆಯೇ ದಾಟಬಹುದು. ಮುಂದಿನ ಲೋಕಗಳಲ್ಲಿಯೋ ಓಡದೆ ದಾಟಲಾಗದ ಕಂದಕಗಳಿರುವುವು. ಈ ಸಂಗತಿಯನ್ನು ಹೇಳುವುದು ವಿವರಣೆಯ ಪುಸ್ತಕದ ಕೆಲಸ. ಪುಸ್ತಕವು ನಮ್ಮ ಮನೆಗೆ ಬಂದಿರಲಿಲ್ಲವಷ್ಟೆ.

ಅಣ್ಣನ ಮಗನಿಗೆ ನೆರೆಮನೆಯ ಹುಡುಗನಿಂದ ಬಿ ಗುಂಡಿಯ ವಿಷಯ ತಿಳಿದಿತ್ತು. ಅವನ ತಂಗಿಗೆ ತಿಳಿದಿರಲಿಲ್ಲ. ಅವನು ಬೇಕೆಂದು ಮುಚ್ಚಿಟ್ಟನೆಂದು ನಾನು ಹೇಳುವುದಿಲ್ಲ. ಹೇಳಬೇಕೆಂದು ಅವನಿಗೆ ತೋರಲಿಲ್ಲ, ಅಷ್ಟೆ. ಈ ಆಟದ ಏರ್ಪಾಡು ಬೇರೆ ಹೀಗಿದೆ: ಇಬ್ಬರು ಆಡುವಾಗ ಒಬ್ಬನು ಸಾಯುವ ತನಕ ಇನ್ನೊಬ್ಬರ ಸರದಿ ಬಾರದು. ಅಣ್ಣನು ಓಡಬಲ್ಲವನಾದುದರಿಂದ ಬೇಗನೆ ಸಾಯುತ್ತಿರಲಿಲ್ಲ. ತಂಗಿಯು ಎರಡನೆಯ ಹಲಗೆಯನ್ನು ಮಡಿಲಿನಲ್ಲಿಟ್ಟುಕೊಂಡು ಕಾದಿರುವಳು. ಸರದಿ ಬಂದೊಡನೆ ನಡೆದು ನಡೆದು ಕಂದಕಕ್ಕೆ ಬೀಳುವಳು. “ಇವಳಿಗೆ ಬಾರದು, ಬಿಡು” ಎಂದು ಮನೆಯವರು ನಗುವರು. ಎರಡು ಬೇಸಗೆ ಹೀಗೆ ಕಳೆದ ಮೇಲೆ ಆಕೆಯು, “ಅತ್ತೇ, ನನಗೆ ಈ ಮೆಷಿನ್ನಿನ ಆಟಗಳೆಲ್ಲ ಆಗಿಬರುವುದಿಲ್ಲ” ಎಂದು ನನಗೆ ಹೇಳಿದಳು. ಆಗ ಅವಳಿಗೆ ಹತ್ತು ವರ್ಷ. ನಾನೂ ಹೌದಮ್ಮಾ ಎಂದೆನು. ಒಂದು ಗುಂಡಿಯ ಸುದ್ದಿ ತಿಳಿಯದುದರಿಂದ ಒಂದು ಮಗುವು ತನ್ನ ಶಕ್ತಿಯ ವಿಷಯವಾಗಿ ಶಾಶ್ವತವಾದ ತೀರ್ಪನ್ನು ಬರೆದುಕೊಂಡಿತು. ಅದಕ್ಕೆ ಸೋದರತ್ತೆಯ ರುಜುವೂ ಬಿದ್ದಿತು.

ಇಲ್ಲಿ ಒಂದು ಭೇದವನ್ನು ಮಾಡಬೇಕು. ಅದೇ ಆಟದ ಎರಡನೆಯ ಮಜಲಿನಲ್ಲಿ ಮೇಲಿನ ಚಾವಣಿಯ ಮೇಲೆಯೇ ಹತ್ತಿ ಕೊನೆಯ ತನಕ ಹೋದರೆ ಮುಂದಿನ ಲೋಕಗಳಿಗೆ ಒಯ್ಯುವ ಕೊಳವೆಗಳು ಸಿಗುವುವು. ಅದು ಗುಟ್ಟು, ತಾನಾಗಿ ಕಂಡುಹಿಡಿಯುವುದರಲ್ಲಿಯೇ ಅದರ ಸಂತೋಷ. ಅದನ್ನು ಮುಂದಾಗಿ ಹೇಳಿಬಿಡುವವನು ಆಟಗೆಡುಕನು. ಓಡುವ ಗುಂಡಿಯಾದರೋ ಗುಟ್ಟಲ್ಲ. ಹೊಲಿಗೆಯ ಯಂತ್ರದಲ್ಲಿ ಸೂಜಿಯ ಪಾದವನ್ನು ಇಳಿಸಬೇಕೆಂಬುದು ಹೇಗೆ ಗುಟ್ಟಲ್ಲವೋ ಹಾಗೆಯೇ.

ಈಗ ನನ್ನ ಸ್ವಂತ ಅಪರಾಧದ ಕಥೆಯನ್ನು ಹೇಳುವೆನು.

ಶಾಲೆಗೆ ಮೊದಲ ಕಂಪ್ಯೂಟರುಗಳು ಬಂದ ಹೊಸತರಲ್ಲಿ, 1998ರಲ್ಲಿ, ಆ ಕೋಣೆಯ ಮೇಲ್ವಿಚಾರಣೆಯನ್ನು ನನಗೆ ವಹಿಸಲಾಗಿತ್ತು. ಆ ಯಂತ್ರಗಳಲ್ಲಿ ‘ಮೈನ್‌ಸ್ವೀಪರ್’ ಎಂಬ ಆಟವು ತಾನಾಗಿಯೇ ಸೇರಿಕೊಂಡು ಬರುತ್ತಿತ್ತು. ಮೈಕ್ರೊಸಾಫ್ಟ್ ಕಂಪನಿಯು ಅದನ್ನು 1992ರಿಂದ ತನ್ನ ವಿಂಡೋಸಿನೊಡನೆ ಕೊಡುತ್ತಿತ್ತು. ಮೌಸಿನ ಎಡಬಲಗಳೆರಡೂ ಗುಂಡಿಗಳನ್ನು ಬಳಸುವ ಅಭ್ಯಾಸವಾಗಲೆಂದು ಅದನ್ನು ಸೇರಿಸಿದರೆಂದು ಹೇಳುವುದುಂಟು. ಬೂದು ಬಣ್ಣದ ಚಿಕ್ಕಚಿಕ್ಕ ಚೌಕಗಳು. ಕೆಲವುಗಳ ಕೆಳಗೆ ನೆಲಬಾಂಬು. ಚೌಕವನ್ನು ಒತ್ತಿದರೆ ಒಂದು ಅಂಕಿ ಕಾಣಿಸುವುದು, ಇಲ್ಲವೆ ಬಾಂಬು ಸಿಡಿಯುವುದು. ನಾನು ಐದಾರು ಸಲ ಒತ್ತಿ ನೋಡಿದೆನು. ಐದಾರು ಸಲವೂ ಸಿಡಿಯಿತು. ಇದು ಕೇವಲ ಅದೃಷ್ಟದ ಆಟ, ಜೂಜಿನ ತಂಗಿ, ಮಿಷನ್ ಶಾಲೆಯಲ್ಲಿ ಇರತಕ್ಕದ್ದಲ್ಲವೆಂದು ತೀರ್ಮಾನಿಸಿ, ಅದನ್ನು ಆಡಕೂಡದೆಂದು ಬಾಗಿಲಿಗೆ ಚೀಟಿ ಅಂಟಿಸಿದೆನು.

ಒಂಬತ್ತನೆಯ ತರಗತಿಯ ಹುಡುಗಿಯೊಬ್ಬಳು ಅದನ್ನು ಆಡುತ್ತಿರುವಾಗ ಸಿಕ್ಕಿಬಿದ್ದಳು. ಬೋರ್ಡಿಂಗಿನ ಹುಡುಗಿ; ಮಾತು ಕಡಮೆ; ಗಣಿತದಲ್ಲಿ ನಡುತರ. “ಜೂಜಾಡುತ್ತೀಯಾ?” ಎಂದು ನಾನು ಗದರಿಸಿದೆನು. ಆಕೆಯು ಎದ್ದು ನಿಂತು, “ಟೀಚರ್, ಇದು ಅದೃಷ್ಟವಲ್ಲ, ಲೆಕ್ಕ. ಈ ಎರಡು ಇದೆಯಲ್ಲ…” ಎಂದು ಪರದೆಯ ಮೇಲೆ ಬೆರಳಿಡಹೋದಳು. ಎದುರುತ್ತರವೆಂದು ಭಾವಿಸಿ ನಾನು ಅವಳ ಮಾತನ್ನು ಅಲ್ಲಿಗೇ ತಡೆದೆನು. ದಂಡನೆಯ ಪುಸ್ತಕದಲ್ಲಿ ಹೆಸರು ಬರೆದು, ಆ ವರ್ಷ ಮುಗಿಯುವ ತನಕ ಕಂಪ್ಯೂಟರಿನ ಕೋಣೆಗೆ ಬರಕೂಡದೆಂದು ವಿಧಿಸಿದೆನು. ಆಕೆಯು ಅಳಲಿಲ್ಲ. ಹತ್ತನೆಯ ತರಗತಿಯಲ್ಲಿ ಕೋಣೆಯ ಬಾಗಿಲು ಅವಳಿಗೆ ತೆರೆದಿದ್ದರೂ ಪುನಃ ಒಳಗೆ ಬರಲಿಲ್ಲ.

ನಿವೃತ್ತಳಾದ ಮೇಲೆ, ಮಳೆಗಾಲದ ಒಂದು ಮಧ್ಯಾಹ್ನ, ಮಗನ ಮನೆಯ ಕಂಪ್ಯೂಟರಿನಲ್ಲಿ ಅದೇ ಆಟವು ಕಣ್ಣಿಗೆ ಬಿದ್ದಿತು. ಸಹಾಯದ ಪುಟವೊಂದಿತ್ತು, ಓದಿದೆನು. ಅಂಕಿಯ ಅರ್ಥವು ಇಷ್ಟೇ: ಆ ಚೌಕವನ್ನು ಸುತ್ತಿರುವ ಎಂಟು ಚೌಕಗಳಲ್ಲಿ ಎಷ್ಟು ಬಾಂಬುಗಳಿರುವುವೆಂಬ ಲೆಕ್ಕ. ಒಂದು ಎಂಬ ಅಂಕಿಯ ಸುತ್ತಲೂ ತೆರೆಯದ ಚೌಕವು ಒಂದೇ ಉಳಿದಿದ್ದರೆ ಬಾಂಬು ಅಲ್ಲಿಯೇ ಇರಲೇಬೇಕು. ಅಲ್ಲಿದ್ದರೆ ಪಕ್ಕದ ಅಂಕಿಯ ಲೆಕ್ಕವೂ ತೀರಿತು. ಅದರ ಮಿಕ್ಕ ನೆರೆಯ ಚೌಕಗಳನ್ನು ನಿರ್ಭಯವಾಗಿ ತೆರೆಯಬಹುದು. ಬಲಗಡೆಯ ಗುಂಡಿಯಿಂದ ಬಾಂಬಿರುವ ಚೌಕಕ್ಕೆ ಬಾವುಟವನ್ನು ನೆಡಬಹುದು. ಬಾವುಟಗಳ ಸಂಖ್ಯೆಯು ಅಂಕಿಗೆ ಸರಿಯಾದ ಮೇಲೆ, ಆ ಅಂಕಿಯ ಮೇಲೆ ಎರಡು ಗುಂಡಿಗಳನ್ನೂ ಒಟ್ಟಿಗೆ ಒತ್ತಿದರೆ ಉಳಿದ ನೆರೆಚೌಕಗಳೆಲ್ಲ ಒಮ್ಮೆಗೇ ತೆರೆದುಕೊಳ್ಳುವುವು. ನಾವು ತರಗತಿಯಲ್ಲಿ “ಆದಕಾರಣ” ಎಂದು ಮೂರು ಚುಕ್ಕೆಯಿಟ್ಟು ಬರೆಯುವೆವಲ್ಲ, ಅದನ್ನೇ ಇಲ್ಲಿ ಬೆರಳಿನಿಂದ ಬರೆಯುವುದು. ಕೆಲವೆಡೆ ಲೆಕ್ಕವು ಎರಡು ಕವಲಾಗಿ ಒಡೆದು ಊಹೆಯನ್ನೇ ಮಾಡಬೇಕಾಗಿ ಬರುವುದುಂಟು, ಅದು ಅಪವಾದ. 2000ದಲ್ಲಿ ಬರ್ಮಿಂಗ್‌ಹ್ಯಾಮಿನ ಗಣಿತಜ್ಞ ರಿಚರ್ಡ್ ಕೇ ಎಂಬುವರು ಈ ಆಟದೊಳಗೆ ಅಡಗಿರುವ ಸಮಸ್ಯೆಯು ಗಣಕಶಾಸ್ತ್ರದ ಅತ್ಯಂತ ಕಠಿಣವಾದ ಸಮಸ್ಯೆಗಳ ಒಂದು ಪ್ರಸಿದ್ಧ ವರ್ಗಕ್ಕೆ ಸೇರಿದುದೆಂದು ಸಿದ್ಧಪಡಿಸಿದರು. ಆ ಪುಟವನ್ನು ಓದಿ ಮುಗಿಸುವಷ್ಟರಲ್ಲಿ ನನಗೆ ಆ ಹುಡುಗಿಯ ಬೆರಳು ನೆನಪಾಯಿತು. “ಈ ಎರಡು ಇದೆಯಲ್ಲ” ಎಂದಳಷ್ಟೆ. ಆ ಎರಡರ ಸುತ್ತಣ ಎಂಟು ಚೌಕಗಳನ್ನು ಗಣಿತದ ಟೀಚರಿಗೆ ತೋರಿಸಬೇಕೆಂದಿದ್ದಳು.

(ನೆಲಬಾಂಬಿನಿಂದ ಕೈಕಾಲು ಕಳಕೊಂಡವರ ದುಃಖವನ್ನು ಆಟವಾಗಿಸುವುದು ಸರಿಯಲ್ಲವೆಂದು ಆಕ್ಷೇಪಿಸಿದವರೂ ಉಂಟು, ತರುವಾಯದ ಒಂದು ವಿಂಡೋಸಿನಲ್ಲಿ ಬಾಂಬಿನ ಬದಲಿಗೆ ಹೂವುಗಳಿರುವ ತೋಟವನ್ನೂ ಆರಿಸಿಕೊಳ್ಳಲು ಅವಕಾಶ ಮಾಡಿದ್ದರು. ಆ ಆಕ್ಷೇಪಣೆಯನ್ನು ನಾನು ಗೌರವಿಸುವೆನು. ನನ್ನ ಚೀಟಿಗೆ ಅಷ್ಟು ಒಳ್ಳೆಯ ಕಾರಣವಿರಲಿಲ್ಲ.)

ಸಂಡೇ ಸ್ಕೂಲಿನಲ್ಲಿ ನಾವೆಲ್ಲ ಕಲಿತ ನಾಮಾನನ ಕಥೆಯಲ್ಲಿ ಸೇನಾಪತಿಗೆ ತಿಳಿಯದ ಸಂಗತಿಯನ್ನು ಅವನ ಮನೆಯಲ್ಲಿದ್ದ ಸೆರೆಯಾಳು ಹುಡುಗಿಯು ಅರಿತಿದ್ದಳು. ಯೊರ್ದನ್ ಹೊಳೆಯಲ್ಲಿ ಮುಳುಗಿ ಏಳೆಂದು ಹೇಳಿದಾಗ, ಇಷ್ಟು ಸುಲಭವಾದುದೇ ಎಂದು ಅವನು ಸಿಟ್ಟಾದನು. ಆ ಕಥೆಯನ್ನು ಎಷ್ಟು ಸಲ ಪಾಠ ಮಾಡಿದ್ದೆನೋ! ನಾಮಾನನಾದರೂ ಕಡೆಗೆ ಹೊಳೆಗಿಳಿದನು.

“ನಿಜವಾದ ಶಕ್ತಿಯುಳ್ಳವರು ಹೇಳಿಕೊಡದಿದ್ದರೂ ತಾವಾಗಿಯೇ ಕಂಡುಕೊಳ್ಳುವರು” ಎಂದು ವಾದಿಸುವವರು ಇರುವರು. ನಮ್ಮ ಉಪಾಧ್ಯಾಯಿನಿಯರ ಕೋಣೆಯಲ್ಲಿಯೂ ಈ ಮಾತನ್ನು ಬಹಳ ಸಲ ಕೇಳಿರುವೆನು. ಅಂಥವರು ಟೆಟ್ರಿಸ್ ಎಂಬ ಆಟದ ಚರಿತ್ರೆಯನ್ನು ನೋಡಬೇಕು. 1984ರಲ್ಲಿ ಮಾಸ್ಕೋ ನಗರದಲ್ಲಿ ಅಲೆಕ್ಸೇಯ್ ಪಜಿಟ್ನೋವ್ ಎಂಬುವರು ರಚಿಸಿದ ಆಟವಿದು. ಮೇಲಿನಿಂದ ನಾಲ್ಕು ಚೌಕಗಳ ತುಂಡುಗಳು ಇಳಿಯುತ್ತಿರುವುವು. ಅವುಗಳನ್ನು ತಿರುಗಿಸಿ, ಎಡಬಲಕ್ಕೆ ಸರಿಸಿ, ಸಾಲು ತುಂಬಿಸಬೇಕು. ನಿಂಟೆಂಡೊ ಕಂಪನಿಯು 1989ರಲ್ಲಿ ಹೊರಡಿಸಿದ ಟೆಟ್ರಿಸಿನಲ್ಲಿ ಇಪ್ಪತ್ತೊಂಬತ್ತನೆಯ ಮಟ್ಟಕ್ಕೆ ಬಂದೊಡನೆ ತುಂಡುಗಳು ಇಪ್ಪತ್ತು ಸಾಲುಗಳ ಎತ್ತರವನ್ನು ಒಂದು ಸೆಕೆಂಡಿನ ಮೂರನೆಯ ಒಂದು ಭಾಗದಲ್ಲಿ ಇಳಿದುಬಿಡುವುವು. ಗುಂಡಿಯನ್ನು ಒತ್ತಿ ಹಿಡಿದುಕೊಂಡರೆ ತುಂಡು ಗೋಡೆಯ ತನಕ ಸರಿಯುವುದಕ್ಕೆ ಅಷ್ಟು ಕಾಲವು ಸಾಲದು. ಆದಕಾರಣ ಆಟವು ಅಲ್ಲಿಗೆ ಮುಗಿಯಿತೆಂದೇ ಪಾರಂಗತರೆಲ್ಲರೂ ಇಪ್ಪತ್ತು ವರ್ಷಕ್ಕೂ ಮಿಕ್ಕಿ ನಂಬಿದ್ದರು. ಗುಂಡಿಯನ್ನು ಹಿಡಿಯುವ ಬದಲು ಬಹು ವೇಗವಾಗಿ ಕುಟ್ಟಿದರೆ ಮುಂದೆ ಹೋಗಬಹುದೆಂದು ಕೆಲವರು 2011ರ ಸುಮಾರಿಗೆ ತೋರಿಸಿದರು. ಅದಕ್ಕೂ ಹತ್ತು ವರ್ಷದ ಮೇಲೆ, ಹೆಬ್ಬೆರಳನ್ನು ಗುಂಡಿಯ ಮೇಲೆ ಸುಮ್ಮನೆ ಇಟ್ಟು, ಮಿಕ್ಕ ಬೆರಳುಗಳಿಂದ ಹಲಗೆಯ ಬೆನ್ನನ್ನು ತಬಲೆಯಂತೆ ಸಾಲಾಗಿ ತಟ್ಟುವ ಉಪಾಯವು ಹುಟ್ಟಿತು. 2023ರ ಡಿಸೆಂಬರಿನಲ್ಲಿ ಅಮೇರಿಕೆಯ ಹದಿಮೂರು ವರ್ಷದ ಬಾಲಕನೊಬ್ಬನು 157ನೆಯ ಮಟ್ಟವನ್ನು ಮುಟ್ಟಿ, ಆಟವೇ ಸ್ತಬ್ಧವಾಗಿ ನಿಲ್ಲುವ ತನಕ ಆಡಿದನು. ಗುಂಡಿಯನ್ನು ಒತ್ತುವುದು ಹೇಗೆಂಬ ಮೂಲಸಂಗತಿಯನ್ನು ತಿಳಿಯಲು ಜಗತ್ತಿನ ಚತುರರಿಗೇ ಮೂವತ್ತು ವರ್ಷ ಹಿಡಿಯಿತು. ಒಬ್ಬರು ಕಂಡುದನ್ನು ಇನ್ನೊಬ್ಬರಿಗೆ ತೋರಿಸಿದುದರಿಂದಲೇ ಅದು ಹರಡಿತು. ಹೀಗಿರಲು, ಕಾದು ಕುಳಿತ ಹತ್ತು ವರ್ಷದ ಹುಡುಗಿಯು ತಾನಾಗಿ ಕಾಣಲಿಲ್ಲವೆಂದು ಮಂದಮತಿಯೆನ್ನುವುದು ಯಾವ ನ್ಯಾಯ?

ತಂದೆತಾಯಿಗಳಿಗೂ ಒಂದು ಮಾತು ಉಂಟು. ಈಗಿನ ಆಟಗಳು ಫೋನಿನೊಳಗೆ ಇರುವುವು. ಅವುಗಳ ಮೂಲನಿಯಮವು ಬಹುಪಾಲು ಪರದೆಯ ಹಿಂದೆ ಇರುವುದು. 2012ರಲ್ಲಿ ಹೊರಟ ‘ಕ್ಯಾಂಡಿ ಕ್ರಶ್ ಸಾಗಾ’ ಎಂಬ ಮಿಠಾಯಿಯ ಆಟವನ್ನು ನಮ್ಮ ಹಳೆಯ ವಿದ್ಯಾರ್ಥಿನಿಯರಲ್ಲಿ ಅನೇಕರು ಬಲ್ಲರು. ನಾಲ್ಕು ಸೇರಿಸಿದರೆ ಗೆರೆಯ ಮಿಠಾಯಿ, ಒಂದೇ ಸಾಲಿನಲ್ಲಿ ಐದು ಸೇರಿಸಿದರೆ ಬಣ್ಣದ ಬಾಂಬು ಎಂದು ನನಗೆ ಹೇಳಿಕೊಟ್ಟವಳು ನನ್ನ ಒಬ್ಬ ಹಳೆಯ ಶಿಷ್ಯೆಯೇ. ಐದು ಜೀವಗಳು ಮುಗಿದ ಮೇಲೆ ಒಂದು ಜೀವ ತುಂಬಲು ಅರ್ಧ ಗಂಟೆ ಏಕೆ ಕಾಯಿಸುತ್ತಾರೆಂದು ಆಕೆಯನ್ನು ಕೇಳಿದೆನು. “ಅದು ಹಾಗೆಯೇ ಇರುವುದಲ್ಲ ಟೀಚರ್” ಎಂದಳು. ಹಾಗೆಯೇ ಇರುವುದಲ್ಲಮ್ಮ, ಆ ಅರ್ಧ ಗಂಟೆಯೇ ಅಂಗಡಿಯ ಗಲ್ಲೆ. ಕಾಯಲಾರದವರು ಹಣ ಕೊಡಲೆಂದೂ, ಕಾಯಬಲ್ಲವರು ಪುನಃ ಪುನಃ ಬಾಗಿಲಿಗೆ ಬರಲೆಂದೂ ಇಟ್ಟಿರುವ ಏರ್ಪಾಡು ಅದು. ಆಟವು ಉಚಿತವೆಂದು ಮಗುವಿನ ಕೈಗೆ ಫೋನನ್ನು ಕೊಡುವ ತಂದೆಯು ಈ ನಿಯಮವನ್ನು ಓದದೆಯೇ ಆಟಕ್ಕೆ ಇಳಿದಂತಾಯಿತು. ಹಣವನ್ನು ಪಣವಾಗಿ ಒಡ್ಡಿ ಆಡುವ ಆನ್‌ಲೈನ್ ಆಟಗಳನ್ನು ನಿಷೇಧಿಸುವ ಶಾಸನವನ್ನು 2025ರ ಆಗಸ್ಟ್ ತಿಂಗಳಿನಲ್ಲಿ ನಮ್ಮ ಪಾರ್ಲಿಮೆಂಟು ಅಂಗೀಕರಿಸಿದುದು ಸಂತೋಷವೇ. ಆದರೆ ಜೀವಕ್ಕೂ ಆಯುಧಕ್ಕೂ ಉಡುಪಿಗೂ ಬೆಲೆ ಕಟ್ಟಿ ಮಾರುವ ಸಾಧಾರಣ ಆಟವು ಪಣದ ಆಟದೊಡನೆ ಒಂದೇ ಅಲ್ಲ. ಅಲ್ಲಿ ಕಾಯಬೇಕಾದವರು ಮನೆಯವರು. ಪ್ರತಿ ಖರೀದಿಗೂ ಗುಪ್ತಪದವನ್ನು ಕೇಳುವಂತೆ ಮಾಡುವ ಅನುಕೂಲವು ಫೋನಿನೊಳಗೇ ಇರುವುದು. ಅದನ್ನು ಹುಡುಕಿ ಒತ್ತಿದವರು ಎಷ್ಟು ಮಂದಿ?

ಇದಕ್ಕೆ ನಾನು ಹೇಳುವ ಉಪಾಯವು ದೊಡ್ಡದೇನೂ ಅಲ್ಲ. ವಾರಕ್ಕೊಮ್ಮೆ ಅರ್ಧ ಗಂಟೆ ಮಗಳ ಬಳಿ ಕುಳಿತು, “ನನಗೆ ಈ ಆಟವನ್ನು ಮೊದಲಿನಿಂದ ಹೇಳಿಕೊಡು” ಎಂದು ಕೇಳಿರಿ. ಯಾವ ಗುಂಡಿಯಿಂದ ಏನಾಗುವುದು, ಸೋತರೆ ಏನಾಗುವುದು, ಹಣ ಎಲ್ಲಿ ಕೇಳುವುದು ಎಂದು ಆಕೆಯ ಬಾಯಿಂದಲೇ ಬರಲಿ. ಆಕೆಗೆ ಬಾರದ ಕಡೆ ಇಬ್ಬರೂ ಕೂಡಿ ಸಹಾಯದ ಪುಟವನ್ನು ಓದಬಹುದು. ಅಣ್ಣನೊಬ್ಬನಿದ್ದರೆ, ಎರಡನೆಯ ಹಲಗೆಯನ್ನು ಒಂದು ದಿನ ಅವನ ಮಡಿಲಿನಲ್ಲಿಡಿರಿ. ಶಾಲೆಯ ಕಂಪ್ಯೂಟರಿನ ಕೋಣೆಯಲ್ಲಿಯೂ ಪ್ರತಿ ವರ್ಷದ ಮೊದಲ ದಿನ, ಯಾರು ಬಲ್ಲರು ಯಾರು ಅರಿಯರು ಎಂದು ಕೇಳದೆ, ಯಂತ್ರವನ್ನು ತೆರೆಯುವುದರಿಂದಲೇ ಎಲ್ಲರಿಗೂ ಪಾಠ ಆರಂಭವಾಗಲಿ. ಬಲ್ಲ ಹುಡುಗಿಗೆ ಬೇಸರವಾದರೆ ಆಕೆಯೇ ಆ ದಿನ ಪಾಠ ಹೇಳಲಿ.

ಅಣ್ಣನ ಮಗಳಿಗೆ ಈಗ ನಲವತ್ತು ವರ್ಷ ಮೀರಿತು. ಹೋದ ಕ್ರಿಸ್ಮಸಿಗೆ ಎಲ್ಲರೂ ಸೇರಿದ್ದಾಗ ಆಕೆಯ ಮಗನು ಆ ಹಳೆಯ ಮಾರಿಯೋವನ್ನೇ ಹೊಸ ಯಂತ್ರವೊಂದರಲ್ಲಿ ತಂದಿದ್ದನು. ನಾನು ಅವಳ ಪಕ್ಕದಲ್ಲಿ ಕುಳಿತು, “ಬಿ ಗುಂಡಿಯನ್ನು ಬಿಡದೆ ಒತ್ತಿಕೊಂಡೇ ಹೋಗು” ಎಂದೆನು. ಮಾರಿಯೋ ಓಡಿದನು. ಆಕೆಯು ಆಟವನ್ನು ನಿಲ್ಲಿಸಿ, ಸ್ವಲ್ಪ ಹೊತ್ತು ಪರದೆಯನ್ನೇ ನೋಡುತ್ತಿದ್ದು, “ಇದು ಆಗಲೂ ಇತ್ತೇ ಅತ್ತೇ?” ಎಂದು ಕೇಳಿದಳು.

ಒಂಬತ್ತನೆಯ ತರಗತಿಯ ಆ ಹುಡುಗಿಯು ಈಗ ಎಲ್ಲಿರುವಳೋ ನಾನರಿಯೆನು. ಈ ಸಂಚಿಕೆಯು ಹಳೆಯ ವಿದ್ಯಾರ್ಥಿನಿಯರ ಕೈಸೇರುವುದಾದ್ದರಿಂದ ಅವಳ ಕಣ್ಣಿಗೂ ಬೀಳಬಹುದು. ಮುಖ್ಯೋಪಾಧ್ಯಾಯಿನಿಯವರ ಅಪ್ಪಣೆಯನ್ನು ಪಡೆದು, ಕಳೆದ ತಿಂಗಳು ಆ ದಂಡನೆಯ ಪುಸ್ತಕವನ್ನು ಹಳೆಯ ಬೀರುವಿನಿಂದ ತೆಗೆಯಿಸಿದೆನು. ಅವಳ ಹೆಸರಿನ ಮುಂದೆ ನನ್ನ ಕೈಬರಹದಲ್ಲಿ “ಜೂಜು, ಎದುರುತ್ತರ” ಎಂದಿತ್ತು. ಆ ಎರಡು ಮಾತುಗಳನ್ನೂ ಹೊಡೆದುಹಾಕಿ, ಪಕ್ಕದಲ್ಲಿ “ಲೆಕ್ಕ” ಎಂದು ಬರೆದು, ತಾರೀಖು ಹಾಕಿ ರುಜು ಮಾಡಿರುವೆನು.